ತಂಡ ಕಟ್ಟುವಾಗಲೇ ದಿನದ ಕೆಲಸ ಇಳಿಸಿಕೊಳ್ಳುವುದು

ಹುಬ್ಬಳ್ಳಿಯಲ್ಲಿ ಕುಳಿತು ಆನ್‌ಲೈನ್ ಬೇಸ್‌ಬಾಲ್ ಲೀಗ್‌ನಲ್ಲಿ ತಂಡ ನಡೆಸುತ್ತೇನೆ ಎಂದರೆ, ಕ್ರಿಕೆಟ್ ಸಾಲಲಿಲ್ಲವೇ ಎಂದು ಕೇಳುತ್ತಾರೆ. ಸಾಲಲಿಲ್ಲ. ನಮ್ಮ ಲೀಗ್‌ನದು 1982ರ ಋತು. ಆ ವರ್ಷ ಅಮೆರಿಕದಲ್ಲಿ ನಿಜವಾಗಿ ಆಡಿದವರನ್ನು ಡ್ರಾಫ್ಟ್‌ನಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತೇವೆ; ಅವರ ಅಂದಿನ ಅಂಕಿಅಂಶ ಹಿಡಿದು ಕಂಪ್ಯೂಟರ್ ಪಂದ್ಯ ಆಡಿಸುತ್ತದೆ.

ಹೊಸಬರ ಉಮೇದೆಲ್ಲ ದೊಡ್ಡ ಹೆಸರುಗಳ ಮೇಲೆ. ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಸ್ಟೀವ್ ಕಾರ್ಲ್‌ಟನ್ ಮೊದಲ ಸುತ್ತಿನಲ್ಲೇ ಖರ್ಚಾಗುತ್ತಾರೆ. ತಪ್ಪೇನಿಲ್ಲ, 1982ರಲ್ಲಿ ಅವರು 23 ಪಂದ್ಯ ಗೆದ್ದವರು. ಆದರೆ ಇದೇ ಕಾರ್ಲ್‌ಟನ್ 1972ರಲ್ಲಿ 27 ಪಂದ್ಯ ಗೆದ್ದಾಗ ಫಿಲಡೆಲ್ಫಿಯಾ ತಂಡದ ಒಟ್ಟು ಗೆಲುವು 59 ಮಾತ್ರ. ವಿಭಾಗದಲ್ಲಿ ಕೊನೆಯ ಸ್ಥಾನ. ಆರಂಭಿಕ ಪಿಚರ್ ನಾಲ್ಕೈದು ದಿನಕ್ಕೊಮ್ಮೆ ಬರುವವನು. ನಡುವಿನ ದಿನಗಳನ್ನು ಯಾರು ನೋಡಿಕೊಳ್ಳಬೇಕು?

ತಂಡದ ಯಜಮಾನನೇ ನೋಡಿಕೊಳ್ಳಬೇಕು ಎಂಬುದು ಹಳಬರ ವಾದ. ನನಗೆ ಅಷ್ಟು ಪುರುಸೊತ್ತಿಲ್ಲ. ಅಲ್ಲಿನ ಪೂರ್ವ ಕರಾವಳಿಯಲ್ಲಿ ರಾತ್ರಿ 9ಕ್ಕೆ ಪಂದ್ಯಗಳು ನಡೆದರೆ ಬೇಸಿಗೆಯಲ್ಲಿ ನಮಗೆ ಬೆಳಿಗ್ಗೆ 6.30. ಫಲಿತಾಂಶವನ್ನು ಧಾರವಾಡದ ಕಚೇರಿಗೆ ಹೋಗುವಾಗ ಚಿಗರಿ ಬಸ್‌ನಲ್ಲಿ ಓದುತ್ತೇನೆ. ಕೆಲಸ ಹೆಚ್ಚಿದ ವಾರ ಅದೂ ಇಲ್ಲ. ಹಾಗಾಗಿ ಹೆಚ್ಚು ಆರೈಕೆ ಬೇಡದ ತಂಡವನ್ನೇ ಕಟ್ಟುತ್ತೇನೆ.

ಬಾಲ್ಟಿಮೋರ್ ತಂಡದ ಮ್ಯಾನೇಜರ್ ಅರ್ಲ್ ವೀವರ್ ಎಡ ಮೈದಾನದ ಸ್ಥಾನವನ್ನು ಇಬ್ಬರಿಗೆ ಹಂಚಿದ್ದರು: ಬಲಗೈ ಪಿಚರ್ ಎದುರು ಎಡಗೈ ಬ್ಯಾಟರ್ ಜಾನ್ ಲೊವೆನ್‌ಸ್ಟೈನ್, ಎಡಗೈ ಪಿಚರ್ ಎದುರು ಬಲಗೈಯ ಗ್ಯಾರಿ ರೋನಿಕೆ. ಎದುರು ಕೈಯ ಪಿಚರ್ ಎಸೆದ ಚೆಂಡನ್ನು ಗುರುತಿಸುವುದು ಬ್ಯಾಟರ್‌ಗೆ ಸುಲಭ. 1982ರಲ್ಲಿ ಇವರ ಹೋಮ್ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ) ಕ್ರಮವಾಗಿ 24 ಮತ್ತು 21. ಡ್ರಾಫ್ಟ್‌ನಲ್ಲಿ ಮಾತ್ರ ‘ಅರೆಕಾಲಿಕರು’ ಎಂದು ಇಂಥವರನ್ನು ಯಾರೂ ಬೇಗ ಮುಟ್ಟುವುದಿಲ್ಲ. ನಾನು ಜೋಡಿಯಾಗಿಯೇ ಎತ್ತಿಕೊಳ್ಳುತ್ತೇನೆ. ಎಡಗೈಗೊಂದು, ಬಲಗೈಗೊಂದು ಲೈನ್‌ಅಪ್ (ಆಡುವವರ ಪಟ್ಟಿ) ಒಮ್ಮೆ ಬರೆದಿಟ್ಟರೆ ಮುಂದಿನದು ಕಂಪ್ಯೂಟರಿನ ಪಾಲು. ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್‌ಗೆ ರಜೆ ಬೇಕಾದಾಗ ಆಡುವ ಎರಡನೇ ಕ್ಯಾಚರ್‌ನನ್ನೂ ಮಧ್ಯದ ಸುತ್ತುಗಳಲ್ಲೇ ಆರಿಸುತ್ತೇನೆ. ಕಡೆಯ ಸುತ್ತಿನಲ್ಲಿ ಸಿಗುವವನಿಗೆ ಬ್ಯಾಟ್ ಹಿಡಿಯಲು ಬಂದರೆ ಅದೇ ಪುಣ್ಯ.

ನಿಜ ಋತುವಿನಲ್ಲಿ ನೂರೈವತ್ತು ಸಲವಷ್ಟೇ ಬ್ಯಾಟ್ ಮಾಡಿ ಮಿಂಚಿದವರ ಆಸೆಗೆ ಬೀಳುವುದಿಲ್ಲ. ನಮ್ಮ ನಿಯಮದಂತೆ ಅವರಿಗೆ ಇಲ್ಲಿಯೂ ಅಷ್ಟೇ ಅವಕಾಶ. ದಿನವೂ ಲೆಕ್ಕವಿಡದಿದ್ದರೆ ಋತುವಿನ ನಡುವೆಯೇ ಮುಗಿದುಹೋಗುತ್ತಾರೆ.

ವಾರವಿಡೀ ಹೊಡೆಯದ ಬ್ಯಾಟರ್‌ನನ್ನು ಕೂರಿಸುವುದೂ ನನಗೆ ಒಪ್ಪಿಗೆಯಿಲ್ಲ. ನಮ್ಮ ತಂತ್ರಾಂಶಕ್ಕೆ ಆಟಗಾರನ ಬೇಸರ ತಿಳಿಯದು, ದಾಳ ಬಿದ್ದಂತೆ ಫಲ. ದಣಿವು ಮಾತ್ರ ತಿಳಿಯುತ್ತದೆ. ಅದಕ್ಕೇ ಬಸ್‌ನಲ್ಲಿ ಮೊದಲು ನೋಡುವುದು ಬುಲ್‌ಪೆನ್‌ನವರು (ಪಂದ್ಯದ ನಡುವೆ ಬದಲಿಯಾಗಿ ಬರುವ ಪಿಚರ್‌ಗಳು) ಎಷ್ಟು ಚೆಂಡು ಎಸೆದರು ಎಂಬುದನ್ನು. ಸತತ ಎರಡು ದಿನ ಎಸೆದವನಿಗೆ ಮೂರನೆಯ ದಿನ ರಜೆ ಹಾಕುತ್ತೇನೆ, ಉಳಿದದ್ದು ಭಾನುವಾರಕ್ಕೆ.