ಖಾಲಿ ಡಬ್ಬಿಯ ಒಲೆಯಲ್ಲಿ ನಾಲ್ವರಿಗೆ ಅನ್ನ, ತಿಳಿಸಾರು

ಮೊನ್ನೆ ಜನವರಿಯಲ್ಲಿ ಮಂಗಳೂರಿನಿಂದ ಕಾರವಾರಕ್ಕೆ ಸೈಕಲ್ ಹೊಡೆಯುವಾಗ ಒಂದು ಸಂಜೆ ಮರವಂತೆಯಲ್ಲಿ ಇಳಿದೆವು. ನಾಲ್ಕು ಜನ. ರಸ್ತೆಯ ಈ ಕಡೆ ಕಡಲು, ಆ ಕಡೆ ಸೌಪರ್ಣಿಕಾ. ಅಕ್ಕಿ ತೊಳೆದು ಇಟ್ಟದ್ದಷ್ಟೇ, ಗೆಳೆಯನ ಗ್ಯಾಸ್ ಸ್ಟವ್ ಭುಸ್ ಅಂದು ಆರಿಹೋಯಿತು. ಅದರ ಗ್ಯಾಸ್ ಡಬ್ಬಿ, ಅಂದರೆ ಕ್ಯಾನಿಸ್ಟರ್, ಖಾಲಿ. ಆ ತಿರುಪಿನ ಕ್ಯಾನಿಸ್ಟರ್ ಕುಂದಾಪುರದಲ್ಲಿ ಮೂರು ಅಂಗಡಿ ಕೇಳಿದ್ದೆವು, ಅದೇನು ಅಂತಲೇ ಅವರಿಗೆ ಗೊತ್ತಿರಲಿಲ್ಲ. ನಾನು ಬ್ಯಾಗಿನಿಂದ, ಖಾಲಿ ಡಬ್ಬಿಯಿಂದ ಮಾಡಿದ ನನ್ನ ಸ್ಪಿರಿಟ್ ಒಲೆ ತೆಗೆದೆ. ಎರಡು ಸಲ ಅನ್ನ, ಒಂದು ಸಲ ಸಾರು. ಒಂದೂಕಾಲು ಗಂಟೆಯೊಳಗೆ ನಾಲ್ವರೂ ಉಂಡೆವು.

ಮೂರು ವರ್ಷದಿಂದ ಇವರೆಲ್ಲ ಇದನ್ನು ಗೊಂಬೆ ಆಟದ ಒಲೆ ಅಂತಿದ್ದರು. ಕುಂದಾಪುರದ ಗೆಳೆಯನಂತೂ ಪ್ರತಿ ಸಲ "ಎಂತ ಮಾರಾಯ, ಇದ್ರಲ್ಲಿ ಚಾ ಆದ್ರೂ ಆಗ್ತದಾ?" ಅನ್ನುತ್ತಿದ್ದ. ಆ ರಾತ್ರಿ ಅವನೇ ಎರಡನೇ ಸಲ ಬಡಿಸಿಕೊಂಡ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಸ್ಪಿರಿಟ್‌ಗೆ ಬರುವ ಮೊದಲು ಒಲೆಗಳಿಗೇ ಸುಮಾರು 7,000 ರೂಪಾಯಿ ಕಳೆದಿದ್ದೇನೆ. ಮೊದಲು ಅಪ್ಪನ ಹಿತ್ತಾಳೆ ಪಂಪ್ ಸ್ಟವ್ ಹೊತ್ತು ಹೋದೆ. ಉರಿ ಅದ್ಭುತ. ಆದರೆ ತೂಕ ಎರಡು ಕಿಲೋ ಮೇಲೆ, ಪಿನ್ ಹಾಕಿ ಹಾಕಿ ಬೆರಳೆಲ್ಲ ಕಪ್ಪು, ಸೀಮೆಎಣ್ಣೆಯಂತೂ ಈಗ ಹುಡುಕಿದರೂ ಸಿಗಲ್ಲ. ಆಮೇಲೆ 3,000 ಚಿಲ್ಲರೆ ಕೊಟ್ಟು ಗ್ಯಾಸ್ ಸ್ಟವ್ ತಗೊಂಡೆ. ಚೆನ್ನಾಗೇ ಇತ್ತು. ಆದರೆ ಕ್ಯಾನಿಸ್ಟರ್ ಒಂದಕ್ಕೆ 450ರ ಹತ್ತಿರ, ಅದೂ ದೊಡ್ಡ ಊರಲ್ಲೇ ಕೊಳ್ಳಬೇಕು. ಗ್ಯಾಸನ್ನು ರೈಲಲ್ಲಿ ಒಯ್ಯುವಂತಿಲ್ಲ. ಸ್ಪಿರಿಟ್ಟೂ ಅಷ್ಟೇ, ಒಯ್ಯುವಂತಿಲ್ಲ. ಆದರೆ ಸ್ಪಿರಿಟ್ ಇಳಿದ ಊರಲ್ಲೇ ಸಿಗುತ್ತದೆ. ಮರಗೆಲಸದವರು ಚಪಡಾ (ಅರಗು) ಕರಗಿಸಿ ಪಾಲಿಶ್ ಮಾಡುತ್ತಾರಲ್ವಾ, ಅದೇ ಸ್ಪಿರಿಟ್. ಪೇಂಟ್ ಅಂಗಡಿ ಇರುವ ಯಾವ ಊರಾದರೂ ಆಗುತ್ತದೆ. ಒಲೆ ಆರಿಸುವಾಗ ನಾನು ಈಗ ಬರ್ನರ್ ನೋಡುವುದೇ ಇಲ್ಲ, ದಾರಿಯಲ್ಲಿ ಅದರ ಇಂಧನ ಎಲ್ಲಿ ಸಿಗುತ್ತದೆ ಅಂತ ಮಾತ್ರ ನೋಡುತ್ತೇನೆ.

ಅಂಗಡಿಯಲ್ಲಿ ಹುಷಾರಾಗಿರಿ. ಒಮ್ಮೆ ಸ್ಪಿರಿಟ್ ಕೇಳಿದರೆ ಥಿನ್ನರ್ ಕೊಟ್ಟರು. ಮೂಗಿಗೇ ಗೊತ್ತಾಯಿತು, ವಾಪಸ್ ಕೊಟ್ಟೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ಟೂ ತಂದು ನೋಡಿದೆ. ನನಗೆ ಸಿಕ್ಕಿದ್ದು ಐಸೋಪ್ರೊಪೈಲ್ ಅನ್ನುವ ಬೇರೆ ಜಾತಿಯ ಆಲ್ಕೋಹಾಲ್, ಹಳದಿ ಉರಿ, ಪಾತ್ರೆ ತಳ ಮಸಿ. ಲಾಕ್‌ಡೌನ್ ಮುಗಿದ ಮೇಲೆ ಮನೆಯಲ್ಲಿ ಉಳಿದಿದ್ದ ಸ್ಯಾನಿಟೈಸರ್ ಜೆಲ್ ಸುರಿದೂ ನೋಡಿದ್ದೇನೆ. ಸ್ವಲ್ಪ ಹೊತ್ತು ಉರಿದು, ಕೊನೆಗೆ ಒಲೆಯ ತುಂಬ ಲೋಳೆ ಉಳಿಯಿತು.

ಒಲೆ ನಾನೇ ಮಾಡಿದ್ದು. ಎರಡು ತಂಪುಪಾನೀಯದ ಡಬ್ಬಿ, ಎರಡರ ತಳವನ್ನೂ ಕತ್ತರಿಸಿ ಒಂದರೊಳಗೆ ಒಂದು ಒತ್ತುವುದು, ಮೇಲಿನ ಅಂಚಿಗೆ ಸುತ್ತ ತೂತು, ನಡುವೆ ಸ್ಪಿರಿಟ್ ಸುರಿಯಲು ಬಾಯಿ. ಹದಿನೈದಾದರೂ ಡಬ್ಬಿ ಹಾಳು ಮಾಡಿದ್ದೇನೆ. ತೂತು ದೊಡ್ಡದಾದರೆ ಸ್ಪಿರಿಟ್ ಕುಡಿದುಬಿಡುತ್ತದೆ, ಚಿಕ್ಕದಾದರೆ ಹೊತ್ತಿಕೊಳ್ಳುವುದೇ ಇಲ್ಲ. ಎಷ್ಟು ತೂತು, ಯಾವ ಸೂಜಿ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದು ಕೈಗೆ ಬರಲು ನನಗೆ ಎರಡು ವರ್ಷ ಹಿಡಿದಿದೆ. ನೀವೂ ಒಂದಷ್ಟು ಡಬ್ಬಿ ಕೆಡಿಸಿ, ಬರುತ್ತದೆ. ತವಕ ಇದ್ದವರು ಸ್ವೀಡನ್ನಿನ ಟ್ರಾಂಗಿಯಾದವರ ಹಿತ್ತಾಳೆ ಬರ್ನರ್ ತಗೊಳ್ಳಬಹುದು. ಅವರು 1951ರಿಂದ ಸ್ಪಿರಿಟ್ ಒಲೆ, ಗಾಳಿಮರೆ ಎಲ್ಲ ಸೇರಿಸಿ ಸೆಟ್ಟಾಗಿ ಮಾರುತ್ತಿದ್ದಾರೆ.

ಹೊತ್ತಿಸಿದ ಮೇಲೆ ಮೊದಲ ಅರ್ಧ ನಿಮಿಷ ನಡುವಿನ ಬಾಯಲ್ಲಿ ಮಾತ್ರ ಸೋಮಾರಿ ಉರಿ. ಆಮೇಲೆ ಒಳಗಿನ ಸ್ಪಿರಿಟ್ ಗುಳುಗುಳು ಅನ್ನುತ್ತದೆ. ಅಂಚಿನ ಒಂದು ತೂತಿನಿಂದ ನೀಲಿ ಎಳೆ ಏಳುತ್ತದೆ, ಪಕ್ಕದ್ದು, ಅದರ ಪಕ್ಕದ್ದು, ಹಾಗೇ ಸುತ್ತ ಹೊತ್ತಿ ಸೇವಂತಿಗೆ ಅರಳಿದ ಹಾಗಾಗುತ್ತದೆ. ಆಗಲೇ ಪಾತ್ರೆ ಇಡಬೇಕು. ಕತ್ತಲಲ್ಲಿ ಇದನ್ನು ನೋಡುವುದು ನನಗೆ ಈಗಲೂ ಇಷ್ಟ. ಹಗಲಲ್ಲಿ ಇದೇ ಉರಿ ಕಾಣುವುದೇ ಇಲ್ಲ, ಅದೇ ಅಪಾಯ. ಮುರುಡೇಶ್ವರದಲ್ಲಿ ಆರಿದೆ ಅಂದುಕೊಂಡು ಮತ್ತೆ ಸ್ಪಿರಿಟ್ ಸುರಿದೆ. ಉರಿ ಬಾಟಲಿ ಬಾಯಿಗೇ ಹಾರಿತು. ಬಾಟಲಿ ಎಸೆದೆ, ಪಂಚೆ ಅಂಚು ಸುಟ್ಟಿತು, ಮುಂಗೈ ಕೂದಲು ಹೋಯಿತು. ಪಕ್ಕದಲ್ಲಿದ್ದ ನೀರು ಸುರಿದಿದ್ದರಿಂದ ಉಳಿದೆ. ಸ್ಪಿರಿಟ್ ಬೆಂಕಿ ನೀರಿಗೆ ಆರುತ್ತದೆ, ಸೀಮೆಎಣ್ಣೆಯ ಹಾಗಲ್ಲ. ಈಗ ಲೋಟ ಕವುಚಿ ಆರಿಸಿ, ಡಬ್ಬಿಯನ್ನು ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೇ ತುಂಬುತ್ತೇನೆ. ಕಾಡಿನೊಳಗೆ ಮತ್ತು ಬೇಸಿಗೆಯ ಒಣ ಹುಲ್ಲಲ್ಲಿ ಹೊತ್ತಿಸುವುದೇ ಇಲ್ಲ.

ಕಡಲ ಕಡೆ ಸೋತಿದ್ದೆಲ್ಲ ಗಾಳಿಯಿಂದ. ಅಡುಗೆಮನೆಯಲ್ಲಿ ಅರ್ಧ ಲೀಟರ್ ನೀರು 20 ಮಿಲೀ ಸ್ಪಿರಿಟ್‌ಗೆ, ಎಂಟು ನಿಮಿಷಕ್ಕೆ ಕುದಿಯುತ್ತಿತ್ತು. ಗೋಕರ್ಣದಲ್ಲಿ 50 ಸುರಿದರೂ ಕುದಿಯಲಿಲ್ಲ. ಅಡುಗೆಮನೆಯ ಫಾಯಿಲ್ ಸುತ್ತಿದರೆ ಹಾರಿಹೋಯಿತು. ಎಣ್ಣೆ ಟಿನ್ನಿನ ತಗಡು ಕೈ ಕೊಯ್ದಿತು. ಕೊನೆಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಗುಜರಿಗೆ ಹಾಕುವ ಹಳೇ ಆಫ್‌ಸೆಟ್ ಪ್ಲೇಟ್ ಸಿಕ್ಕಿತು. ತೆಳು ಅಲ್ಯುಮಿನಿಯಂ, ಕತ್ತರಿಗೆ ಬರುತ್ತದೆ, ಸುರುಳಿ ಸುತ್ತಿ ಪಾತ್ರೆಯೊಳಗೇ ಇಡಬಹುದು. 20 ರೂಪಾಯಿ ಕೊಟ್ಟೆ. ಪಾತ್ರೆಗೂ ಪ್ಲೇಟಿಗೂ ನಡುವೆ ಒಂದು ಬೆರಳು ಜಾಗ, ಕೆಳಗೆ ಗಾಳಿಗೆ ಕಿಂಡಿ. ಬಿಗಿಯಾಗಿ ಸುತ್ತಿದರೆ ಉರಿಗೆ ಉಸಿರು ಕಟ್ಟಿ ವಾಸನೆ ಬರುತ್ತದೆ. ಕಿಂಡಿ ಯಾವ ಕಡೆ ಇರಬೇಕು ಅನ್ನುವುದರಲ್ಲೇ ಅರ್ಧ ಸ್ಪಿರಿಟ್ ಉಳಿಯುತ್ತದೆ. ಅದನ್ನು ನೀವೇ ತಿರುಗಿಸಿ ನೋಡಿ.

ಅನ್ನಕ್ಕೆ ಸೋನಾ ಮಸೂರಿ, ಮುಕ್ಕಾಲು ಗಂಟೆ ನೆನೆಯಬೇಕು. ಒಂದು ಪಾವು ಅಕ್ಕಿ ಇಬ್ಬರಿಗೆ, 35 ಮಿಲೀ ಸ್ಪಿರಿಟ್ ಸಾಕು. ಕುದಿದು ನೀರು ಅಕ್ಕಿಯ ಮಟ್ಟಕ್ಕೆ ಇಳಿದಾಗ ಒಲೆಯಿಂದ ತೆಗೆದು ಪೇಪರ್, ಅದರ ಮೇಲೆ ಟವೆಲ್ ಸುತ್ತಿ ಇಪ್ಪತ್ತು ನಿಮಿಷ ಬಿಡುತ್ತೇನೆ. ಉಗಿಯಲ್ಲೇ ಅರಳುತ್ತದೆ. ಅಷ್ಟರಲ್ಲಿ ಒಲೆ ಸಾರಿಗೆ ಖಾಲಿ. ತೊಗರಿಬೇಳೆ ಆಸೆ ಬಿಡಿ, ನೆನೆಸಿದ ಹೆಸರುಬೇಳೆ ಬೇಯುತ್ತದೆ. ಕುಚಲಕ್ಕಿ ಹಟಕ್ಕೆ ಬಿದ್ದು ಒಮ್ಮೆ ಇಟ್ಟೆ. 150 ಮಿಲೀ ಸುಟ್ಟಿತು, ಅಗುಳು ಮಾತ್ರ ಹಲ್ಲಿಗೆ ಕಟಕಟ. ಇಬ್ಬರ ಊಟಕ್ಕೆ ಸಾರೂ ಸೇರಿ 55 ಮಿಲೀ. ಲೀಟರ್‌ಗೆ 150ರ ಲೆಕ್ಕದಲ್ಲಿ ಎಂಟು ರೂಪಾಯಿ. ಗ್ಯಾಸಲ್ಲಿ ಇದೇ ಊಟಕ್ಕೆ 40 ಬೀಳುತ್ತಿತ್ತು.

ನಡುವೆ ಕರ್ಪೂರವನ್ನೂ ಪರೀಕ್ಷೆ ಮಾಡಿದೆ. ಹೊಗೆ, ಮಸಿ, ಚಹಾಕ್ಕೆ ದೇವಸ್ಥಾನದ ವಾಸನೆ. ತೆಂಗಿನ ಕರಟದ ಕೆಂಡ ಭಾರೀ ಕಾವು ಕೊಡುತ್ತದೆ, ಆದರೆ ಕೆಂಡ ಆಗುವವರೆಗೆ ಕಾಯಬೇಕು. ಡಿಸೆಂಬರ್‌ನಲ್ಲಿ ಮಡಿಕೇರಿಯ ಹೋಂಸ್ಟೇ ಅಂಗಳದಲ್ಲಿ ಬೆಳಗ್ಗೆ ಸ್ಪಿರಿಟ್ ಹೊತ್ತಲೇ ಇಲ್ಲ, ಏಳೆಂಟು ಕಡ್ಡಿ ಗೀರಿದೆ. ಬಾಟಲಿಯನ್ನು ಹತ್ತು ನಿಮಿಷ ಸ್ವೆಟರ್ ಒಳಗೆ ಇಟ್ಟುಕೊಂಡ ಮೇಲೆ ಒಂದೇ ಕಡ್ಡಿಗೆ ಹೊತ್ತಿತು.

ರೊಟ್ಟಿ ಮಾತ್ರ ಇನ್ನೂ ಆಗಿಲ್ಲ. ಉರಿ ನಡುವಿಗೇ ಬಡಿಯುತ್ತದೆ, ನಡು ಸೀದು ಅಂಚು ಹಸಿ. ಅಂಗೈಯಗಲದ ದಪ್ಪ ಕಬ್ಬಿಣದ ಕಾವಲಿ ಒಂದನ್ನು ಸಂತೆಯಲ್ಲಿ 180ಕ್ಕೆ ತಂದಿದ್ದೇನೆ. ಮುಂದಿನ ಭಾನುವಾರ ಅದರ ಮೇಲೆ ಅಕ್ಕಿ ರೊಟ್ಟಿ ತಟ್ಟಿ ನೋಡಬೇಕು.