ಕಾಲೇಜು ಐಸ್ ಹಾಕಿ ತಂಡ ಕಟ್ಟುವ ಮುನ್ನ ಹಾಕಬೇಕಾದ ಲೆಕ್ಕ

ಅಮೆರಿಕದ ಯಾವುದಾದರೂ ವಿಶ್ವವಿದ್ಯಾಲಯ ಎನ್‌ಸಿಎಎ (ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಡಿವಿಷನ್ 1, ಅಂದರೆ ಅತ್ಯುನ್ನತ ದರ್ಜೆಯ, ಐಸ್ ಹಾಕಿಗೆ ಇಳಿದಾಗ ಸುದ್ದಿಯಾಗುವುದು ಅರೀನಾದ, ಅಂದರೆ ಒಳಾಂಗಣ ಕ್ರೀಡಾಂಗಣದ, ಬೆಲೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ 2010ರಲ್ಲಿ ಟೆರ್ರಿ ಮತ್ತು ಕಿಮ್ ಪೆಗುಲಾ ದಂಪತಿ ಘೋಷಿಸಿದ ದಾನ 8.8 ಕೋಟಿ ಡಾಲರ್. ಮುಂದೆ ಅದು 10.2 ಕೋಟಿಗೆ ಏರಿತು. ಅರಿಜೋನಾ ಸ್ಟೇಟ್ 2014ರಲ್ಲಿ 3.2 ಕೋಟಿ ಡಾಲರ್ ದಾನ ನೆಚ್ಚಿಕೊಂಡು ತನ್ನ ಕ್ಲಬ್ ತಂಡವನ್ನು ಈ ಮಟ್ಟಕ್ಕೆ ತಂದಿತು. 2022ರಲ್ಲಿ ತೆರೆದ ಅದರ ಮಲೆಟ್ ಅರೀನಾಕ್ಕೆ ತಗುಲಿದ್ದು 13.4 ಕೋಟಿ. ಅರೀನಾಕ್ಕೆ ದಾನಿಗಳು ಸಿಗುತ್ತಾರೆ, ಗೋಡೆಯ ಮೇಲೆ ಹೆಸರು ಬರುತ್ತದೆ. ಹತ್ತನೇ ವರ್ಷದ ಬಸ್ ಬಾಡಿಗೆಗೆ ಯಾರೂ ಹೆಸರು ಕೊಡುವುದಿಲ್ಲ. ಹಾಗಾಗಿ ಲೆಕ್ಕ ಶುರುವಾಗಬೇಕಾದ್ದು ವಾರ್ಷಿಕ ಖರ್ಚಿನಿಂದ.

ಮೊದಲು ವಿದ್ಯಾರ್ಥಿವೇತನ. ಹಿಂದೆ ತಂಡಕ್ಕೆ 18 ಪೂರ್ಣ ವೇತನಗಳ ಮಿತಿ ಇತ್ತು. 2025ರ ಹೌಸ್ ಒಪ್ಪಂದಕ್ಕೆ (ಕ್ರೀಡಾಪಟುಗಳು ಎನ್‌ಸಿಎಎ ವಿರುದ್ಧ ಹೂಡಿದ ಮೊಕದ್ದಮೆಯ ರಾಜಿ) ಸೇರಿದ ಸಂಸ್ಥೆಗಳಿಗೆ ಆ ಮಿತಿ ಹೋಗಿ, 26 ಆಟಗಾರರ ತಂಡ ಎಂಬ ಮಿತಿ ಬಂದಿದೆ. ಬೇಕಿದ್ದರೆ 26 ಮಂದಿಗೂ ಪೂರ್ಣ ವೇತನ ಕೊಡಬಹುದು. ವರ್ಷಕ್ಕೆ ಒಬ್ಬರಿಗೆ 60,000 ಡಾಲರ್ ಎಂದಿಟ್ಟುಕೊಂಡರೆ 18 ಮಂದಿಗೆ 10.8 ಲಕ್ಷ, 26 ಮಂದಿಗೆ 15.6 ಲಕ್ಷ. ಇದರಲ್ಲಿ ಬೋಧನಾ ಶುಲ್ಕವನ್ನೂ ಹಾಸ್ಟೆಲ್, ಊಟದ ಖರ್ಚನ್ನೂ ಬೇರೆ ಬೇರೆ ಬರೆಯಿರಿ. ತರಗತಿಯಲ್ಲಿ ಸೀಟು ಹೇಗೂ ಖಾಲಿಯಿದ್ದರೆ ಶುಲ್ಕ ಬಹುಮಟ್ಟಿಗೆ ಕಾಗದದ ಮೇಲಿನ ಲೆಕ್ಕ. ಊಟ ಮಾತ್ರ ಕೈಯಿಂದ ಹೋಗುವ ಹಣ.

ಪ್ರಯಾಣದ ಲೆಕ್ಕ ತಪ್ಪುವುದು ಎಲ್ಲಕ್ಕಿಂತ ಹೆಚ್ಚು. ಋತುವಿಗೆ 34 ಪಂದ್ಯಗಳ ಮಿತಿಯಲ್ಲಿ ಅರ್ಧ ಹೊರಗೆ, ಅದೂ ಶುಕ್ರವಾರ-ಶನಿವಾರದ ಜೋಡಿಯಾಗಿ ಎಂದರೆ ಸುಮಾರು 9 ಪ್ರವಾಸ. ಪ್ರತಿ ಪ್ರವಾಸಕ್ಕೆ 17 ಕೋಣೆ, 3 ರಾತ್ರಿ ಹಿಡಿದರೆ 459 ಕೋಣೆ-ರಾತ್ರಿ. 150 ಡಾಲರ್ ದರದಲ್ಲಿ 68,850. 30 ಮಂದಿಗೆ ತಲಾ 450 ಡಾಲರ್ ವಿಮಾನ ಟಿಕೆಟ್ ಎಂದರೆ ಇನ್ನೂ 1,21,500. ಒಬ್ಬೊಬ್ಬ ಆಟಗಾರನ ದೊಡ್ಡ ಚೀಲ, ಸ್ಟಿಕ್‌ಗಳ ಕಟ್ಟು, ಗೋಲ್‌ಕೀಪರ್‌ನ ಪ್ಯಾಡ್‌ಗಳಿಗೆ ವಿಮಾನದವರು ಹೆಚ್ಚುವರಿ ದರ ಹಾಕುತ್ತಾರೆ. ಆ ಸಾಲು ಬಜೆಟ್‌ನಲ್ಲಿ ಇರುವುದೇ ಅಪರೂಪ.

ಹೊಸ ತಂಡವನ್ನು ಯಾವ ಕಾನ್ಫರೆನ್ಸೂ (ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಕೂಟ) ಸೇರಿಸಿಕೊಳ್ಳದಿದ್ದರೆ ಈ ಅಂಕಿ ಏರುತ್ತದೆ. ಸ್ವತಂತ್ರ ತಂಡದ ಮನೆಗೆ ಬಂದು ಆಡಲು ಎದುರಾಳಿಗಳಿಗೆ ಒತ್ತಾಯವಿಲ್ಲ, ನೀವೇ ಹೋಗಬೇಕು. ಅರಿಜೋನಾ ಸ್ಟೇಟ್ 2020-21ರ ಕೋವಿಡ್ ಋತುವಿನ ಎಲ್ಲ ಪಂದ್ಯಗಳನ್ನೂ ಬಿಗ್ ಟೆನ್ ಎಂಬ ಕಾನ್ಫರೆನ್ಸ್‌ನ ತಂಡಗಳ ಅಂಗಳದಲ್ಲೇ ಆಡಿತು. ಅದಕ್ಕೆ ಎನ್‌ಸಿಎಚ್‌ಸಿ ಎಂಬ ಕಾನ್ಫರೆನ್ಸ್‌ನಲ್ಲಿ ಜಾಗ ಸಿಕ್ಕಿದ್ದು 2024-25ರಲ್ಲಿ. ಕಾನ್ಫರೆನ್ಸ್‌ನ ಒಪ್ಪಿಗೆ ಬರಹದಲ್ಲಿ ಬರುವವರೆಗೆ ಪ್ರಯಾಣದ ಮೊತ್ತವನ್ನು ಒಂದೂವರೆ ಪಟ್ಟು ಹಿಡಿಯುವುದು ಕ್ಷೇಮ.

ಮುಖ್ಯ ಕೋಚ್, ಸಹಾಯಕರು, ಸಾಮಗ್ರಿ ನೋಡಿಕೊಳ್ಳುವವರು, ಚಿಕಿತ್ಸಕರು, ವ್ಯಾಯಾಮ ತರಬೇತುದಾರರು, ಇವರ ಸಂಬಳ ಮೊದಲ ಪಂದ್ಯಕ್ಕಿಂತ ಕನಿಷ್ಠ ಒಂದು ವರ್ಷ ಮೊದಲೇ ಶುರು. ಆಟಗಾರರನ್ನು ಆರಿಸಲು ಅಷ್ಟು ಸಮಯ ಬೇಕು. ಸ್ಟಿಕ್‌ಗಳನ್ನು ಬಳಸಿ ಮುಗಿಸುವ ವಸ್ತುಗಳ ಪಟ್ಟಿಗೆ ಸೇರಿಸಿ: ಒಳ್ಳೆಯ ಕಾಂಪೋಸಿಟ್ ಸ್ಟಿಕ್ ಅಂಗಡಿಯಲ್ಲಿ 300 ಡಾಲರ್ ದಾಟುತ್ತದೆ, ಒಂದೇ ಹೊಡೆತಕ್ಕೆ ಮುರಿಯಲೂಬಹುದು.

ಪುರುಷರ ತಂಡವೊಂದನ್ನೇ ಸೇರಿಸಿ ಕೈತೊಳೆದುಕೊಳ್ಳಲು ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ನಿಷೇಧಿಸುವ 1972ರ ಟೈಟಲ್ ನೈನ್ ಕಾನೂನು ಬಿಡುವುದು ಕಷ್ಟ. ಮಹಿಳಾ ಕ್ರೀಡಾಪಟುಗಳ ಅವಕಾಶವೂ ಜೊತೆಗೇ ಬೆಳೆಯಬೇಕು, ಬೆಳೆಯಲೇಬೇಕು. ಪೆನ್ ಸ್ಟೇಟ್ ಎರಡೂ ಹಾಕಿ ತಂಡಗಳನ್ನು ಒಟ್ಟಿಗೆ ತಂದಿತು. ಅರಿಜೋನಾ ಸ್ಟೇಟ್ ಮಹಿಳೆಯರ ಟ್ರಯಥ್ಲಾನ್, ಲಕ್ರಾಸ್ ಸೇರಿಸಿತು. ಎರಡನೇ ತಂಡದ ಬಜೆಟ್ಟನ್ನು ಮೊದಲ ದಿನವೇ ಇದರ ಪಕ್ಕದಲ್ಲಿಡಿ.

ಇನ್ನು ರಿಂಕ್, ಅಂದರೆ ಆಡುವ ಐಸ್ ಅಂಗಳ. ಅಳತೆ 200 ಅಡಿ ಉದ್ದ, 85 ಅಡಿ ಅಗಲ. ಒಂದು ಅಂಗುಲ ದಪ್ಪದ ಐಸ್‌ಗೆ ಸುಮಾರು 38,000 ಲೀಟರ್ ನೀರು. ಅದು ಅಗ್ಗದ ಭಾಗ. ದುಡ್ಡು ಹೋಗುವುದು ಚಿಲ್ಲರ್‌ಗೆ (ದ್ರವವನ್ನು ತಣಿಸುವ ಯಂತ್ರ), ತೇವ ಹೀರುವ ಯಂತ್ರಕ್ಕೆ, ನೆಲದಡಿಯ ಪೈಪುಗಳಿಗೆ. ಕಾಂಕ್ರೀಟಿನೊಳಗೆ ತಣ್ಣನೆಯ ದ್ರವದ ಪೈಪು, ಅದರಡಿ ಇನ್ಸುಲೇಷನ್, ಅದಕ್ಕೂ ಕೆಳಗೆ ಮರಳಿನಲ್ಲಿ ಬಿಸಿ ದ್ರವದ ಪೈಪು. ಖರ್ಚು ಉಳಿಸಲು ಈ ಕೊನೆಯ ಪದರ ಬಿಟ್ಟರೆ ಕೆಲವು ವರ್ಷಗಳಲ್ಲಿ ಕೆಳಗಿನ ಮಣ್ಣೇ ಹೆಪ್ಪುಗಟ್ಟಿ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಆಮೇಲೆ ನೆಲ ಪೂರ್ತಿ ಕಿತ್ತೇ ಸರಿಪಡಿಸಬೇಕು. ಸಾಧ್ಯವಾದರೆ ಪಕ್ಕದಲ್ಲೇ ಎರಡನೇ ರಿಂಕ್ ಕಟ್ಟಿ. ಊರಿನ ಮಕ್ಕಳ ತಂಡಗಳಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟರೆ ವಿದ್ಯುತ್ ಬಿಲ್ಲಿಗೆ ಆಸರೆ.

ಟಿಕೆಟ್, ಬಾಡಿಗೆ ಎಲ್ಲ ಕಳೆದು ಉಳಿಯುವ ಕೊರತೆ ವರ್ಷಕ್ಕೆ 20 ಲಕ್ಷ ಡಾಲರ್ ಎಂದುಕೊಳ್ಳಿ. ಶೇ. 4ರಂತೆ ತೆಗೆಯುವ ಶಾಶ್ವತ ನಿಧಿಯಿಂದ ಅದನ್ನು ತುಂಬಲು 5 ಕೋಟಿ ಬೇಕು. ಅಷ್ಟು ಇಲ್ಲದಿದ್ದರೆ ಐದು ವರ್ಷದ ಕೊರತೆಯಾದರೂ, ಅಂದರೆ 1 ಕೋಟಿ, ಖಾತೆಯಲ್ಲಿರಬೇಕು. ವಾಗ್ದಾನ ಬೇರೆ, ಜಮೆ ಬೇರೆ. ಒಮ್ಮೆ ನಿಂತ ತಂಡವನ್ನು ಮರಳಿ ತರುವುದು ಸುಲಭವಲ್ಲ: 2021ರಲ್ಲಿ ತಂಡ ನಿಲ್ಲಿಸಿದ ರಾಬರ್ಟ್ ಮೋರಿಸ್ ವಿಶ್ವವಿದ್ಯಾಲಯ ಮತ್ತೆ ಕಣಕ್ಕಿಳಿದದ್ದು 2023-24ರಲ್ಲಿ. ಹೀಗೆ ನಡುವೆ ತಪ್ಪುವ ಎರಡು ಋತುಗಳಲ್ಲಿ ಆಟಗಾರರು ಬೇರೆ ಕಾಲೇಜುಗಳಿಗೆ ಚದುರುತ್ತಾರೆ, ತಂಡವನ್ನು ಬುಡದಿಂದ ಕಟ್ಟಬೇಕು.