ಕಾದಂಬರಿಯ ಕರಡು ಮುಗಿಯುವವರೆಗೆ: ನಿತ್ಯದ ಬರವಣಿಗೆಯಲ್ಲಿ ಉತ್ಸಾಹ ಉಳಿಸಿಕೊಳ್ಳುವ ಬಗೆ

ಕಾದಂಬರಿಯನ್ನು ಆರಂಭಿಸಿದವರಲ್ಲಿ ಅನೇಕರು ಅದನ್ನು ಅರ್ಧಕ್ಕೆ ಕೈಬಿಡಲು ಕಥೆಯ ಕೊರತೆ ಕಾರಣವಾಗಿರುವುದಿಲ್ಲ. ಬರೆಯುವ ಮನಸ್ಸು ಬರಲಿ ಎಂದು ಕಾಯುತ್ತ, ಆ ಕಾಯುವಿಕೆಯಲ್ಲಿಯೇ ಅವರು ತಮ್ಮ ಕಥೆಗೆ ಅಪರಿಚಿತರಾಗಿಬಿಡುತ್ತಾರೆ. ಕವಿತೆಯನ್ನೋ ಸಣ್ಣಕಥೆಯನ್ನೋ ಒಂದೇ ಆವೇಶದಲ್ಲಿ ಮುಗಿಸಬಹುದು. ತಿಂಗಳುಗಟ್ಟಲೆ ಬೇಡುವ ಕಾದಂಬರಿಯನ್ನು ಆವೇಶದ ಬಲದಿಂದ ಮಾತ್ರ ದಡ ಸೇರಿಸಲಾಗದು. ಉತ್ಸಾಹವು ಬರವಣಿಗೆಗೆ ಮೊದಲು ಬರುತ್ತದೆ ಎಂಬ ನಂಬಿಕೆಯನ್ನು ಬಿಟ್ಟು, ಇಂದಿನ ಬರವಣಿಗೆಯೇ ನಾಳೆಯ ಉತ್ಸಾಹವನ್ನು ಹುಟ್ಟಿಸುವಂತೆ ದಿನದ ಕೆಲಸವನ್ನು ಹೊಂದಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ಮಾತಿಗೆ ಆಧಾರವಿಲ್ಲದೆ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1980ರ ದಶಕದಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರ ಬರವಣಿಗೆಯನ್ನು ಪರಿಶೀಲಿಸಿದಾಗ, ಮನಸ್ಸು ಬಂದಾಗ ಮಾತ್ರ ಬರೆದವರಿಗಿಂತ ಗೊತ್ತುಪಡಿಸಿದ ವೇಳೆಯಲ್ಲಿ ಕಡ್ಡಾಯವಾಗಿ ಬರೆದವರು ಹೆಚ್ಚು ಪುಟಗಳನ್ನು ಪೂರೈಸಿದ್ದು ಕಂಡುಬಂತು. ಇದು ನಿರೀಕ್ಷಿತವೇ. ಆದರೆ ಹೊಸ ಆಲೋಚನೆಗಳು ಹೆಚ್ಚು ಬಾರಿ ಹೊಳೆದದ್ದೂ ಆ ಕಡ್ಡಾಯದ ಗುಂಪಿಗೇ. ಅವರು ಕಾದಂಬರಿಕಾರರಲ್ಲ, ನಿಜ. ಆದರೂ ಸ್ಫೂರ್ತಿ ಬಂದ ಮೇಲೆ ಬರೆಯುವೆನೆನ್ನುವವರು ಈ ಫಲಿತಾಂಶವನ್ನು ಒಮ್ಮೆ ಯೋಚಿಸಬೇಕು.

ಮೊದಲು ವೇಳೆಯನ್ನು ನಿಶ್ಚಯಿಸಿಕೊಳ್ಳಬೇಕು. 'ದಿನಾ ಬರೆಯುತ್ತೇನೆ' ಎಂಬ ಸಂಕಲ್ಪ ಬಹಳ ಸಡಿಲವಾದದ್ದು, ಏಕೆಂದರೆ ಅದನ್ನು ದಿನದ ಯಾವ ಗಳಿಗೆಯಲ್ಲಿ ಬೇಕಾದರೂ ಮುಂದೂಡಬಹುದು. ಈಗಾಗಲೇ ನಡೆದುಬರುತ್ತಿರುವ ಯಾವುದಾದರೂ ನಿತ್ಯಕರ್ಮಕ್ಕೆ ಅದನ್ನು ಗಂಟುಹಾಕಿ, 'ಬೆಳಗಿನ ಸ್ನಾನವಾದ ಕೂಡಲೇ ಇದೇ ಮೇಜಿನ ಮುಂದೆ ಕುಳಿತು ಬರೆಯುತ್ತೇನೆ' ಎಂದು ಸ್ಥಳಸಮೇತ ನಿರ್ಧರಿಸಿದರೆ, ಪ್ರತಿದಿನವೂ ಹೊಸದಾಗಿ ನಿರ್ಧರಿಸುವ ಶ್ರಮ ತಪ್ಪುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ನಡವಳಿಕೆಯೊಂದು ತಾನಾಗಿಯೇ ನಡೆಯುವಂತಾಗಲು ಹಿಡಿದ ಕಾಲ ಸರಿಸುಮಾರು 66 ದಿನಗಳು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು. ಅಲ್ಲಿ ಪರೀಕ್ಷಿಸಿದ್ದು ಊಟದೊಂದಿಗೆ ಹಣ್ಣು ತಿನ್ನುವಂಥ ಸರಳ ಅಭ್ಯಾಸಗಳನ್ನು. ಆದ್ದರಿಂದ ಎರಡು ವಾರ ಬರೆದ ಮೇಲೂ ಕುರ್ಚಿಯತ್ತ ಹೋಗಲು ಮನಸ್ಸು ಹಿಂದೇಟು ಹಾಕಿದರೆ ಅದನ್ನು ಪ್ರತಿಭೆಯ ಕೊರತೆಯೆಂದು ತಿಳಿಯಬೇಕಾಗಿಲ್ಲ.

ಉದ್ಯೋಗದಲ್ಲಿರುವವರಿಗೆ ಆಂಥೊನಿ ಟ್ರಾಲಪ್‌ನ ಉದಾಹರಣೆ ಉಪಯುಕ್ತ. ಹತ್ತೊಂಬತ್ತನೆಯ ಶತಮಾನದ ಈ ಇಂಗ್ಲಿಷ್ ಕಾದಂಬರಿಕಾರ ಅಂಚೆ ಇಲಾಖೆಯ ನೌಕರನಾಗಿದ್ದುಕೊಂಡೇ ತನ್ನ 47 ಕಾದಂಬರಿಗಳಲ್ಲಿ ಹಲವನ್ನು ಬರೆದ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಎದುರಿಗೆ ಗಡಿಯಾರವಿಟ್ಟುಕೊಂಡು, ಪ್ರತಿ ಕಾಲುಗಂಟೆಗೆ 250 ಪದಗಳನ್ನು ಬರೆಯುತ್ತಿದ್ದುದಾಗಿ ಅವನೇ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಹೊತ್ತಿಗೆ ಸರಿಯಾಗಿ ಎಬ್ಬಿಸಲು ಮನೆಯ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚುವರಿ ಕೊಡುತ್ತಿದ್ದನಂತೆ. ತನ್ನ ಮನೋಬಲದ ಮೇಲೆ ಅವನಿಗೂ ಪೂರ್ಣ ಭರವಸೆ ಇರಲಿಲ್ಲವೆಂಬುದು ಉಳಿದವರಿಗೆ ಸಮಾಧಾನ ತರುವ ಸಂಗತಿ. ಅವನ ವೇಗವನ್ನು ಅನುಕರಿಸುವುದು ಮಾತ್ರ ಬೇಡ.

ದಿನದ ಗುರಿಯನ್ನು ಉತ್ಸಾಹದ ದಿನದಲ್ಲಿ ನಿಗದಿಪಡಿಸುವುದರಿಂದಲೇ ಹೆಚ್ಚಿನ ಯೋಜನೆಗಳು ಮುರಿದುಬೀಳುತ್ತವೆ. ಆರಂಭದ ಹುರುಪಿನಲ್ಲಿ ಎರಡು ಸಾವಿರ ಪದಗಳು ಸುಲಭವೆನಿಸಿದರೂ, ಆಯಾಸದ ದಿನವೂ ನಿಭಾಯಿಸಬಲ್ಲ ಸಂಖ್ಯೆಯೇ ನಿಜವಾದ ಗುರಿ. ವಾರಕ್ಕೆ ಐದು ದಿನ, ದಿನಕ್ಕೆ 300 ಪದಗಳಂತೆ ಬರೆದರೂ 40 ವಾರಗಳಲ್ಲಿ 60,000 ಪದಗಳಾಗುತ್ತವೆ. ಅದು ಒಂದು ಪೂರ್ಣ ಕಾದಂಬರಿಯ ಗಾತ್ರ. ಇಂಗ್ಲಿಷ್ ಕೈಪಿಡಿಗಳು ಹೇಳುವ ಸಂಖ್ಯೆಗಳನ್ನು ಕನ್ನಡದಲ್ಲಿ ಬರೆಯುವವರು ಹಾಗೆಯೇ ತೆಗೆದುಕೊಳ್ಳಬಾರದು. ವಿಭಕ್ತಿ ಪ್ರತ್ಯಯಗಳೂ ಕ್ರಿಯಾಪದದ ರೂಪಗಳೂ ಸಂಧಿ ಸಮಾಸಗಳೂ ಒಂದೇ ಪದದಲ್ಲಿ ಅಡಕವಾಗುವ ನಮ್ಮ ಭಾಷೆಯಲ್ಲಿ ಅಷ್ಟೇ ವಿಷಯ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಪದಗಳ ಲೆಕ್ಕ ಕಿರಿಕಿರಿ ಎನಿಸುವವರು ಕೈಬರಹದ ಒಂದು ಪುಟವನ್ನೋ ಒಂದು ಸನ್ನಿವೇಶದ ಒಂದು ತಿರುವನ್ನೋ ಅಳತೆಯಾಗಿ ಇಟ್ಟುಕೊಳ್ಳಬಹುದು. ಇದರೊಂದಿಗೆ ಜ್ವರ, ಪ್ರಯಾಣ, ನೆಂಟರಿಷ್ಟರ ನಡುವಿನ ದಿನಗಳಿಗಾಗಿ ನಾಲ್ಕು ವಾಕ್ಯಗಳ ಕನಿಷ್ಠ ಮಿತಿಯೊಂದಿರಲಿ. ಆ ನಾಲ್ಕು ವಾಕ್ಯಗಳಿಂದ ಕಾದಂಬರಿ ಹೆಚ್ಚು ಬೆಳೆಯದಿದ್ದರೂ, ಪಾತ್ರಗಳು ಲೇಖಕರ ಮನಸ್ಸಿನಿಂದ ದೂರ ಸರಿಯುವುದಿಲ್ಲ.

ಎಲ್ಲಿಂದ ಆರಂಭಿಸಬೇಕೆಂಬ ಚಿಂತೆ ಎಲ್ಲರಿಗೂ ಇರುತ್ತದೆ. ಆದರೆ ದಿನದ ಕೆಲಸವನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಹೆಚ್ಚು ಮುಖ್ಯವಾದದ್ದು. ಮುಂದೇನಾಗುತ್ತದೆಂದು ಗೊತ್ತಿರುವಾಗಲೇ, ಬರೆಯುವ ಕಸುವು ಇನ್ನೂ ಉಳಿದಿರುವಾಗಲೇ ನಿಲ್ಲಿಸಿ, ಮರುದಿನ ಅಲ್ಲಿಂದ ಮುಂದುವರಿಸುವ ಪದ್ಧತಿಯನ್ನು ಅರ್ನೆಸ್ಟ್ ಹೆಮಿಂಗ್ವೇ 1958ರಲ್ಲಿ ಪ್ರಕಟವಾದ ಸಂದರ್ಶನವೊಂದರಲ್ಲಿ ವಿವರಿಸಿದ್ದಾನೆ. ಅಧ್ಯಾಯವನ್ನು ಮುಗಿಸಿಯೇ ಏಳಬೇಕೆಂಬ ಹಟ ಆ ಸಂಜೆಗೆ ತೃಪ್ತಿ ಕೊಡುತ್ತದೆ. ಮರುದಿನ ಮಾತ್ರ ಖಾಲಿ ಹಾಳೆಯನ್ನು ಎದುರಿಗಿಡುತ್ತದೆ. ಇಬ್ಬರ ಜಗಳ ತಾರಕಕ್ಕೇರುವ ಮುನ್ನ, ಬಾಗಿಲು ತಟ್ಟಿದವರು ಯಾರೆಂದು ತಿಳಿಯುವ ಮುನ್ನ, ಸಾಧ್ಯವಾದರೆ ವಾಕ್ಯದ ನಡುವೆಯೇ ನಿಲ್ಲಿಸಿ, ಕೆಳಗೆ 'ಆಕೆ ಪತ್ರದ ಸಂಗತಿಯನ್ನು ಬಚ್ಚಿಡುತ್ತಾಳೆ. ಅಣ್ಣನಿಗೆ ಅನುಮಾನ ಬರುತ್ತದೆ' ಎಂಬಂಥ ಒಂದೆರಡು ಸಾಲಿನ ಟಿಪ್ಪಣಿಯನ್ನು ಬರೆದಿಡಬೇಕು. ಮರುದಿನದ ಮೊದಲ ಹತ್ತು ನಿಮಿಷಗಳು ಆ ಟಿಪ್ಪಣಿಯನ್ನು ವಾಕ್ಯಗಳಾಗಿಸುವುದರಲ್ಲಿ ಕಳೆಯುತ್ತವೆ, ಅಷ್ಟರಲ್ಲಿ ಕೈ ಹದಕ್ಕೆ ಬಂದಿರುತ್ತದೆ.

ಬರೆದದ್ದನ್ನು ತಿದ್ದುವ ಚಪಲದ ಬಗ್ಗೆ ಎಚ್ಚರವಿರಬೇಕು. ಮೊದಲ ಮೂರು ಅಧ್ಯಾಯಗಳನ್ನು ಮತ್ತೆ ಮತ್ತೆ ನಯಗೊಳಿಸುತ್ತ ನಾಲ್ಕನೆಯದನ್ನು ಎಂದೂ ಮುಟ್ಟದಿರುವುದು ಕಾದಂಬರಿಗಳು ನಿಂತುಹೋಗುವ ಅತ್ಯಂತ ಸಾಮಾನ್ಯ ಬಗೆ, ಮತ್ತು ಅದು ಕೆಲಸದಂತೆಯೇ ಕಾಣುವುದರಿಂದ ಹೆಚ್ಚು ಅಪಾಯಕಾರಿ. ನಿನ್ನೆಯ ಕೊನೆಯ ಪುಟವನ್ನು ಓದಿಕೊಳ್ಳಬಹುದು, ತಿದ್ದಬಾರದು. ಹಿಂದಿನ ಅಧ್ಯಾಯದಲ್ಲಿ ಬದಲಾವಣೆ ಬೇಕೆನಿಸಿದರೆ ಅದನ್ನು ಬೇರೆ ಹಾಳೆಯಲ್ಲಿ ಗುರುತು ಹಾಕಿಕೊಂಡು, ಆ ಬದಲಾವಣೆ ಆಗಿಯೇ ಹೋಗಿದೆಯೆಂಬಂತೆ ಮುಂದುವರಿಯಬೇಕು; ಇಪ್ಪತ್ತನೆಯ ಪುಟದಲ್ಲಿ ಅಕ್ಕನಾಗಿದ್ದವಳು ಎಂಬತ್ತನೆಯ ಪುಟದಲ್ಲಿ ಅತ್ತಿಗೆಯಾದರೆ ಕರಡಿಗೆ ಅದರಿಂದ ಯಾವ ಹಾನಿಯೂ ಇಲ್ಲ. ಒಂದು ಇಸವಿಯೋ ಯಂತ್ರದ ಭಾಗದ ಹೆಸರೋ ಗೊತ್ತಿಲ್ಲವೆಂದು ಅಂತರ್ಜಾಲಕ್ಕೆ ಹೋದವರು ಆ ಹೊತ್ತಿಗೆ ಮರಳುವುದು ಅಪರೂಪ. ಚೌಕಾವರಣದಲ್ಲಿ 'ಇದನ್ನು ಹುಡುಕಬೇಕು' ಎಂದು ಬರೆದು ಮುಂದೆ ಹೋಗುವುದು ಲೇಸು. ಫೋನು ಬೇರೆ ಕೋಣೆಯಲ್ಲಿರಲಿ.

ಇಷ್ಟೆಲ್ಲ ಪಾಲಿಸಿದರೂ ಕಥೆಯ ಮೂರನೆಯ ಒಂದು ಭಾಗ ದಾಟುತ್ತಿದ್ದಂತೆ ನಿಜವಾದ ಕಷ್ಟ ಎದುರಾಗುತ್ತದೆ. ಆರಂಭದ ಹೊಸತನ ಕರಗಿರುತ್ತದೆ, ಕೊನೆ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿರುವುದಿಲ್ಲ, ಮನಸ್ಸಿನಲ್ಲಿದ್ದ ಕಾದಂಬರಿಗೂ ಹಾಳೆಯ ಮೇಲಿರುವುದಕ್ಕೂ ನಡುವಣ ಅಂತರ ದಿನೇ ದಿನೇ ಸ್ಪಷ್ಟವಾಗುತ್ತಿರುತ್ತದೆ. ಸರಿಯಾಗಿ ಈ ಹೊತ್ತಿಗೇ ಇನ್ನೊಂದು ಕಾದಂಬರಿಯ ವಸ್ತು ಹೊಳೆದು, ಇದಕ್ಕಿಂತ ಅದೇ ಮೇಲೆಂದು ತೋರುತ್ತದೆ. ಅದನ್ನು ಒಂದೇ ಪುಟದಲ್ಲಿ ಬರೆದು ಎತ್ತಿಡಬೇಕು. ಹೊಸ ವಸ್ತು ಮೇಲೆಂದು ಕಾಣುವುದು ಅದಿನ್ನೂ ಬರೆಯದೆ ಉಳಿದಿರುವ ಕಾರಣಕ್ಕೆ. ಅದಕ್ಕೂ ಇಂಥದೇ ನಡುಭಾಗವೊಂದು ಕಾದಿದೆ.

ನಡುಭಾಗದಲ್ಲಿ ಬರುವ ಬೇಸರವನ್ನು ಸೋಮಾರಿತನವೆಂದು ಹಳಿದುಕೊಳ್ಳುವ ಮೊದಲು, ಅದು ಕಥೆಯ ಬಗ್ಗೆ ಏನು ಹೇಳುತ್ತಿದೆಯೆಂದು ವಿಚಾರಿಸಬೇಕು. ಬರೆಯಲು ಮನಸ್ಸಾಗದ ಸನ್ನಿವೇಶವನ್ನು ಹಿಡಿದು, ಇಲ್ಲಿ ಯಾರಿಗೆ ಏನು ಬೇಕಾಗಿದೆ, ಅದನ್ನು ತಡೆಯುತ್ತಿರುವವರು ಯಾರು, ಸನ್ನಿವೇಶ ಮುಗಿದಾಗ ಯಾವುದು ಬದಲಾಗಿರುತ್ತದೆ ಎಂದು ಕೇಳಿಕೊಂಡರೆ, ಎಷ್ಟೋ ಸಲ ಮೂರಕ್ಕೂ ಉತ್ತರವಿರುವುದಿಲ್ಲ. ಎಲ್ಲರೂ ಎಲ್ಲದಕ್ಕೂ ಒಪ್ಪುತ್ತಿರುತ್ತಾರೆ, ಅಥವಾ ಕಥಾನಾಯಕಿ ಒಂದೂರಿನಿಂದ ಇನ್ನೊಂದೂರಿಗೆ ಸುಮ್ಮನೆ ಪ್ರಯಾಣ ಮಾಡುತ್ತಿರುತ್ತಾಳೆ. ಲೇಖಕರಿಗೇ ಬೇಸರ ತರಿಸುವ ಪ್ರಯಾಣವನ್ನು ಒಂದು ವಾಕ್ಯದಲ್ಲಿ ಮುಗಿಸಿ, ಆಕೆ ತಲುಪಿದ ಮನೆಯ ಬಾಗಿಲಿನಿಂದ ಮುಂದುವರಿಸಿದರೆ ಓದುಗರು ದೂರುವುದಿಲ್ಲ. ಸನ್ನಿವೇಶ ಅನಿವಾರ್ಯವಾದರೂ ಜೀವ ತುಂಬುತ್ತಿಲ್ಲವಾದರೆ ಅದನ್ನು ಇನ್ನೊಂದು ಪಾತ್ರದ ಕಣ್ಣಿನಿಂದ ಬರೆದು ನೋಡಬೇಕು, ಇಲ್ಲವೇ ಆ ಪಾತ್ರ ಯಾರಿಗೂ ಕಳುಹಿಸದ ಪತ್ರವೊಂದನ್ನು ಅದರ ದನಿಯಲ್ಲಿಯೇ ಬರೆಯಬೇಕು. ಆ ಪುಟಗಳು ಕಾದಂಬರಿಯಲ್ಲಿ ಉಳಿಯದಿದ್ದರೂ ಪಾತ್ರ ಬಚ್ಚಿಟ್ಟದ್ದು ಹೊರಬರುತ್ತದೆ. ಇದಾವುದೂ ಫಲಿಸದಿದ್ದರೆ, ಬಹಳ ದಿನಗಳಿಂದ ಬರೆಯಬೇಕೆಂದು ಕಾತರಿಸುತ್ತಿದ್ದ ಮುಂದಿನ ಸನ್ನಿವೇಶಕ್ಕೆ ನೇರವಾಗಿ ಹಾರಬಹುದು. ಅಧ್ಯಾಯಗಳನ್ನು ಕ್ರಮವಾಗಿಯೇ ಬರೆಯಬೇಕೆಂಬ ನಿಯಮ ಓದುಗರಿಗಾಗಿ ಇರುವುದು.

ಬರವಣಿಗೆಯ ಪಕ್ಕದಲ್ಲಿ ಒಂದು ದಿನಚರಿಯಿದ್ದರೆ ಈ ದಿನಗಳನ್ನು ದಾಟುವುದು ಸುಲಭ. ಜಾನ್ ಸ್ಟೈನ್‌ಬೆಕ್ 1951ರಲ್ಲಿ ತನ್ನ ದೊಡ್ಡ ಕಾದಂಬರಿಯೊಂದನ್ನು ಬರೆಯುವಾಗ, ಪುಸ್ತಕದ ಎಡಪುಟದಲ್ಲಿ ತನ್ನ ಸಂಪಾದಕನಿಗೆ ಪತ್ರದ ರೂಪದಲ್ಲಿ ಆ ದಿನದ ಯೋಚನೆ, ಅಳುಕುಗಳನ್ನು ಬರೆದುಕೊಂಡು, ಕಾದಂಬರಿಯನ್ನು ಬಲಪುಟದಲ್ಲಿ ಬರೆಯುತ್ತಿದ್ದ. ಅಷ್ಟು ವಿಸ್ತಾರ ಬೇಕಿಲ್ಲ. ದಿನಾಂಕ, ಬರೆದ ಪದಗಳ ಸಂಖ್ಯೆ, ಕೆಲಸ ಹೇಗೆ ನಡೆಯಿತೆಂಬ ಒಂದು ಸಾಲು ಸಾಕು. ಕೆಲವು ವಾರಗಳಾದ ಮೇಲೆ ಅದನ್ನು ತಿರುವಿಹಾಕಿದರೆ, ಬಹಳ ಕೆಟ್ಟದಾಗಿತ್ತೆಂದು ಗುರುತಿಸಿಕೊಂಡ ದಿನದ ಪುಟಗಳಿಗೂ ಚೆನ್ನಾಗಿತ್ತೆಂದ ದಿನದ ಪುಟಗಳಿಗೂ ಗುಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ತಿಳಿಯುತ್ತದೆ. ಅಂದಿನಿಂದ ಮನಸ್ಥಿತಿಯ ತೀರ್ಪಿಗೆ ಅಷ್ಟಾಗಿ ಬೆಲೆ ಕೊಡಬೇಕಾಗಿ ಬರುವುದಿಲ್ಲ.

ಕರಡನ್ನು ಇತರರಿಗೆ ತೋರಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು: ಮುಗಿಯುವವರೆಗೆ ತೋರಿಸಬೇಡಿ. ಟೀಕೆ ಬಂದರೆ ಕೈ ನಿಲ್ಲುತ್ತದೆ. ಹೊಗಳಿಕೆ ಬಂದರೆ ಮುಂದಿನ ಅಧ್ಯಾಯ ಆ ಹೊಗಳಿಕೆಗೆ ತಕ್ಕಂತಿರಬೇಕೆಂಬ ಭಯದಿಂದ ಆಗಲೂ ಕೈ ನಿಲ್ಲುತ್ತದೆ. ಕಥೆಯನ್ನು ಬಾಯಲ್ಲಿ ಪೂರ್ತಿ ಹೇಳಿಬಿಟ್ಟರಂತೂ ಬರೆಯುವ ಹಸಿವೇ ಇಂಗಿಹೋಗಬಹುದು. ಜೊತೆ ಬೇಕೆನ್ನುವವರು ತಮ್ಮಂತೆಯೇ ಬರೆಯುತ್ತಿರುವ ಒಬ್ಬರೊಡನೆ ಆ ದಿನ ಬರೆದೆನೋ ಇಲ್ಲವೋ ಎಂಬುದನ್ನು ಮಾತ್ರ ಹಂಚಿಕೊಳ್ಳಲಿ.

ದಿನಗಳು ತಪ್ಪಿಯೇ ತಪ್ಪುತ್ತವೆ. ಮೇಲೆ ಹೇಳಿದ ಲಂಡನ್ ಅಧ್ಯಯನದಲ್ಲಿಯೂ ಒಂದು ಅವಕಾಶ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಗಣನೀಯ ಅಡ್ಡಿಯಾಗಲಿಲ್ಲ. ತಪ್ಪಿದ್ದನ್ನು ತುಂಬಿಸಲು ಮರುದಿನ ಎರಡರಷ್ಟು ಬರೆಯುವೆನೆಂಬ ಪ್ರತಿಜ್ಞೆಯಿಂದ ಹಾನಿ ಹೆಚ್ಚು, ಏಕೆಂದರೆ ಬಾಕಿ ಬೆಳೆದಷ್ಟೂ ಮೇಜಿನ ಬಳಿಗೆ ಹೋಗುವುದು ಕಷ್ಟವಾಗುತ್ತದೆ. ಬಾಕಿಯನ್ನು ಮನ್ನಾ ಮಾಡಿ ಎಂದಿನ ಗುರಿಯಿಂದಲೇ ಆರಂಭಿಸಬೇಕು. ಬಿಡುವು ಕೆಲವು ವಾರಗಳಷ್ಟು ದೀರ್ಘವಾಗಿದ್ದರೆ, ಮರಳಿದ ಮೊದಲ ದಿನ ಹೊಸದೇನನ್ನೂ ಬರೆಯದೆ ಕೊನೆಯ ಎರಡು ಪುಟಗಳನ್ನು ಕೈಯಾರೆ ನಕಲು ಮಾಡಿದರೆ, ವಾಕ್ಯಗಳ ಲಯವೂ ಪಾತ್ರಗಳ ಮಾತಿನ ಧಾಟಿಯೂ ಮತ್ತೆ ಹಿಡಿತಕ್ಕೆ ಬರುತ್ತವೆ.

ಕೊನೆಯ ಅಧ್ಯಾಯಗಳಿಗೆ ಬರುವಾಗ ಸಮಸ್ಯೆ ತಿರುಗುಮುರುಗಾಗುತ್ತದೆ. ಮುಗಿಸುವ ಆತುರದಲ್ಲಿ ಮುಖ್ಯ ಸನ್ನಿವೇಶಗಳು ವರದಿಗಳಂತಾಗುತ್ತವೆ. ಆಗಲೂ ದಿನದ ಪ್ರಮಾಣವನ್ನು ಏರಿಸದೆ, ಗೊತ್ತಾದ ವೇಳೆಗೆ ಎದ್ದುಬಿಡುವುದು ಒಳ್ಳೆಯದು. ಕರಡು ಮುಗಿದ ಬಳಿಕ ಅದನ್ನು ನಾಲ್ಕಾರು ವಾರ ಕಣ್ಣಿಗೆ ಬೀಳದಂತೆ ಎತ್ತಿಟ್ಟರೂ ಬರವಣಿಗೆಯ ವೇಳೆಯನ್ನು ಬೇರೆ ಕೆಲಸಗಳಿಗೆ ಬಿಟ್ಟುಕೊಡಬೇಡಿ. ತಿದ್ದುಪಡಿಗಾಗಿ ಗುರುತು ಹಾಕಿಕೊಂಡ ಹಾಳೆಗಳನ್ನು ವಿಂಗಡಿಸಲು, ಚೌಕಾವರಣದಲ್ಲಿ ಬಿಟ್ಟ ಸಂಗತಿಗಳನ್ನು ಹುಡುಕಲು, ಎತ್ತಿಟ್ಟಿದ್ದ ಆ ಒಂದು ಪುಟದ ಹೊಸ ವಸ್ತುವನ್ನು ಪರೀಕ್ಷಿಸಲು ಅದೇ ಹೊತ್ತನ್ನು ಬಳಸಿಕೊಳ್ಳಬಹುದು.